ಸೂಜಿಗೆ ಬಂದ ಹನಿ

ಸುಣ್ಣ ಬೆಲ್ಲ ಕಲಸುವಾಗ ಏಳುವ ಬಿಸಿ ವಾಸನೆ, ಅಕ್ಕನ ಕುತ್ತಿಗೆಯ ವಾಸನೆ, ಇಷ್ಟು ವರ್ಷವಾದರೂ ಜಲಜಮ್ಮನ ಮೂಗು ಮರೆತಿಲ್ಲ, ಈಗ ಶಿವಮೊಗ್ಗದ ಈ ಆಸ್ಪತ್ರೆಯಲ್ಲಿ ಪಕ್ಕದ ಮನೆಯ ಅಂಬ್ರೀನ್ ದುಪಟ್ಟಾ ಸರಿಸಿದೊಡನೆ ಅದೇ ವಾಸನೆ, ಅತ್ತೆ ಶಮೀಮ್ ಹಚ್ಚಿದ್ದು, ಗಂಟು ಕರಗಲಿ ಅಂತ — ಕರಗಲಿಲ್ಲ, ಚರ್ಮ ಸುಟ್ಟಿತು. ಅಕ್ಕನದೂ ಹೀಗೆಯೇ, ಗಂಟು ಒಡೆದು ಸೋರುತ್ತಿತ್ತು, ಜಗಲಿಯ ಮೂಲೆಯಲ್ಲಿ ಊಟಕ್ಕೆ ಬೇರೆ ಎಲೆ, ಯಾವ ರೋಗ ಎಂದು ಅವಳು ತೀರಿಹೋಗುವ ತನಕ ಯಾರೂ ಹೇಳಲಿಲ್ಲ. ಜನ್ನಾಪುರದ ಶಮೀಮಳ ಮನೆಯಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂರುವವರು, ಅಂಬ್ರೀನ್ ಮಾತ್ರ ಈಗ ಹಿತ್ತಲ ಬಾಗಿಲಲ್ಲಿ, ತನ್ನ ಮಗುವನ್ನೂ ಎತ್ತಿಕೊಳ್ಳುವ ಹಾಗಿಲ್ಲ, ಪರೀಕ್ಷೆ ಆಗ್ಲಿ ಜಲಜಕ್ಕ, ಕೆಟ್ಟದ್ದೇನಾದ್ರೂ ಬಂದ್ರೆ ಹೊಳೆಹೊನ್ನೂರಿಗೆ, ಅವಳ ಅಮ್ಮನ ಮನೆಗೆ ಬಿಟ್ಟುಬರ್ತೀನಿ ಅಂತ ಬಸ್ಸಿನಲ್ಲೇ ಅಂದಳಲ್ಲ ಶಮೀಮ್, ಅನ್ನುತ್ತಲೇ ಸೊಸೆಯ ದುಪಟ್ಟಾ ಗಾಳಿಗೆ ಹಾರದ ಹಾಗೆ ಸಿಕ್ಕಿಸಿದಳು.

ಡಾಕ್ಟರು ಲಿಖಿತಾ, ಎಷ್ಟು ಚಿಕ್ಕ ವಯಸ್ಸು, ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಆಮೇಲೆ ಕುತ್ತಿಗೆ ಮುಟ್ಟುತ್ತಾಳೆ, ಸುಣ್ಣ ಹಚ್ಚಿದ್ಯಾರು — ಶಮೀಮಳ ತಲೆ ತಗ್ಗಿತು — ಪ್ರೀತಿಗೆ ಹಚ್ಚಿದ್ದೀರಿ, ಬಿಡಿ, ಇನ್ಮೇಲೆ ಬೇಡ. ಸುಟ್ಟ ಜಾಗ ಬಿಟ್ಟು, ಎರಡು ಬೆರಳಲ್ಲಿ ಗಂಟನ್ನು ಹಿಡಿದು, ಉಗುಳು ನುಂಗ್ಬೇಡ ಪುಟ್ಟಿ, ಸೂಜಿ ಕಾಣದ ಹಾಗೆ ಇನ್ನೊಂದು ಕೈ ಮರೆ — ಬಂತು, ಒಂದು ಹನಿ, ಗಿಣ್ಣಿನ ಹಾಗೆ ಬೆಳ್ಳಗೆ, ಗಾಜಿನ ಮೇಲಿಟ್ಟು ಇನ್ನೊಂದು ಗಾಜಿನಿಂದ ಸವರಿದಳು, ಉಳಿದದ್ದು ಪುಟ್ಟ ಸೀಸೆಗೆ, ಅದು ಮೆಷಿನ್ ಟೆಸ್ಟಿಗೆ. ಜಲಜಜ್ಜಿ, ಇಂಜೆಕ್ಷನ್ ಕೊಡ್ತಾರೆ ಅಂದ್ಕೊಂಡ್ರೆ ನನ್ನಿಂದ್ಲೇ ಕಿತ್ಕೊಂಡ್ರಲ್ಲ, ಅಂಬ್ರೀನ್ ನಕ್ಕಳು, ತಿಂಗಳಿಂದ ಇದೇ ಮೊದಲು. ಕತ್ತಿಯಿಲ್ಲ, ಹೊಲಿಗೆಯಿಲ್ಲ, ಒಂದು ಹನಿ ಸಾಕಂತೆ, ಅಂದು ಅಕ್ಕನ ಕುತ್ತಿಗೆಗೆ ಆ ಒಂದು ಸೂಜಿ, ಇಂಥ ಒಂದು ಕೈ ಸಿಕ್ಕಿದ್ದರೆ —

ಮಧ್ಯಾಹ್ನ ದಾಟಿತು, ಲಿಖಿತಾ ಯಾರನ್ನೂ ಕಳಿಸದೆ ತಾನೇ ಬೆಂಚಿನ ಹತ್ತಿರ ಬಂದಳು, ಕ್ಯಾನ್ಸರ್ ಅಲ್ಲಮ್ಮ, ಗಂಟಿನ ಟಿಬಿ, ಎದೆ ಎಕ್ಸ್‌ರೇ ಚೆನ್ನಾಗಿದೆ, ಆರು ತಿಂಗಳು ಮಾತ್ರೆ, ನಡುವೆ ಬಿಡಬಾರ್ದು, ವಾಸಿಯಾಗತ್ತೆ. ಮಗು ಎತ್ಕೋಬಹುದಾ, ಅಂಬ್ರೀನ್ ಕೇಳಿದಳು. ಎತ್ಕೋ, ಮುದ್ದು ಮಾಡು, ಇದು ಹಾಗೆಲ್ಲ ಅಂಟಲ್ಲ. ಶಮೀಮ್ ಮೆಲ್ಲಗೆ, ಒಂದೇ ತಟ್ಟೇಲಿ ಉಂಡ್ರೂನಾ? ಒಂದೇ ತಟ್ಟೇಲಿ ಉಂಡ್ರೂ. ಶಮೀಮ್ ಬುತ್ತಿ ಬಿಚ್ಚಿದಳು, ರೊಟ್ಟಿಗೆ ಆಲೂಗಡ್ಡೆ ಪಲ್ಯ ಸುತ್ತಿ ತಾನು ಒಂದು ತುತ್ತು ಕಚ್ಚಿದಳು, ಅಗಿಯುತ್ತ, ಮುಖ ನೋಡದೆ, ಉಳಿದದ್ದನ್ನು ಸೊಸೆಯ ಕೈಗಿಟ್ಟಳು, ಜಲಜಮ್ಮನಿಗೆ ಬೇರೇನೂ ಕಾಣುತ್ತಿಲ್ಲ, ರೊಟ್ಟಿಯ ಅಂಚು, ಅಂಚಿನಲ್ಲಿ ಶಮೀಮಳ ಹಲ್ಲಿನ ಗುರುತು