ಐದೋ, ಏಳೋ

ಕರಿಸಿದ್ದಯ್ಯನ ಅಕ್ಕ ಚಿಕ್ಕನಂಜಮ್ಮ ಅವನೊಡನೆ ಮಾತು ಬಿಟ್ಟು ಒಂದು ವರ್ಷವಾಗುತ್ತ ಬಂದಿತ್ತು. ಮಾತು ಬಿಟ್ಟಳೆಂದರೆ ಸುಮ್ಮನಾದಳೆಂದು ತಿಳಿಯಬಾರದು. ಮನೆಗೆ ತಮ್ಮ ಬಂದರೆ ಕೊಟ್ಟಿಗೆಯ ಎಮ್ಮೆಯ ಕಡೆ ತಿರುಗಿ, “ಬಂದವ್ರಿಗೆ ಇಟ್ಟು ಉಂಡು ಓಗಾಕೆ ಏಳವ್ವ” ಎನ್ನುತ್ತಿದ್ದಳು. ಅವನು ಮುದ್ದೆ ಉಂಡು ಕೈ ತೊಳೆದು, “ಸಾರು ಚೆಂದಾಗಿತ್ತು ಅಂತ ಏಳವ್ವ” ಎಂದು ಅದೇ ಎಮ್ಮೆಗೆ ವರದಿ ಒಪ್ಪಿಸಿ ಹೊರಡುತ್ತಿದ್ದ. ಎಮ್ಮೆ ಎರಡೂ ಕಡೆಯ ಮಾತನ್ನು ಪಕ್ಷಪಾತವಿಲ್ಲದೆ ಮೆಲುಕು ಹಾಕುತ್ತಿತ್ತು.

ಕಾರಣ ಕಬ್ಬು. ಮದ್ದೂರು ಕೆರೆಯ ಕೆಳಗೆ ಚಿಕ್ಕನಂಜಮ್ಮನ ಗದ್ದೆ. ನೆಲವೆಲ್ಲ ಜೌಗು, ಎತ್ತಿನ ಗಾಡಿ ಇಳಿಸಿದರೆ ಅಚ್ಚಿನವರೆಗೆ ಹೂಳುತ್ತಿತ್ತು. ಕೂಲಿಯವರು ಕಬ್ಬನ್ನು ತಲೆಯ ಮೇಲೆ ರಸ್ತೆಗೆ ಹೊರುವುದು ವಾಡಿಕೆ. ಹೋದ ವರ್ಷ ಕರಿಸಿದ್ದಯ್ಯ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಲಾರಿಯೊಂದನ್ನು ಕೊಂಡಿದ್ದ. ಕೊಂಡ ಹುಮ್ಮಸ್ಸಿಗೆ, “ಅಕ್ಕ, ನಿನ್ ಕಬ್ಬು ಒರೋ ತಲೆನೋವು ನಂಗಿರ್ಲಿ” ಎಂದು ಲಾರಿಯನ್ನು ನೇರ ಗದ್ದೆಗೇ ಇಳಿಸಿದ. ಕಬ್ಬು ತುಂಬಿ ಆಯಿತು. ಹೊರಟರೆ ಹಿಂದಿನ ಒಂದು ಗಾಲಿ ಕೆಸರಿನಲ್ಲಿ ಗಿರಗಿರನೆ ತಿರುಗಿತು. ಬದುವಿನ ಗಟ್ಟಿ ಮಣ್ಣಿನ ಮೇಲಿದ್ದ ಇನ್ನೊಂದು ಗಾಲಿ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತೇ ಇತ್ತು. ನೆಲ ಒಣಗಿ ಲಾರಿ ಮೇಲೇಳುವ ಹೊತ್ತಿಗೆ ಕಡಿದ ಕಬ್ಬು ಸೌದೆಯಾಗಿತ್ತು. ಊರಿನವರು ದಿನವೂ ಬಂದು ನೋಡಿಕೊಂಡು ಹೋದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಅಂದಿನಿಂದ ಎಮ್ಮೆಯ ಮೂಲಕ ವ್ಯವಹರಿಸತೊಡಗಿದಳು.

ಈ ವರ್ಷ ಮಂಡ್ಯದ ಸಕ್ಕರೆ ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ಟು ಬರುವ ಮೊದಲೇ ಎಮ್ಮೆಗೆ ಅಂತಿಮ ಮಾತು ಹೇಳಿದ್ದಳು: “ಇನ್ನೊಂದ್ಸಲ ನೋಡ್ತೀನಿ ಕಣವ್ವ. ಈ ಸಲಾನೂ ಲಾರಿ ಊತ್ಕಂಡ್ರೆ ಕಬ್ಬು ಆಲೆಮನೆಗೆ, ತಮ್ಮ ಅನ್ನೋನು ಅವ್ನ ಮನೆಗೆ.”

ಕರಿಸಿದ್ದಯ್ಯ ಮೊದಲು ಮಾಡಿದ್ದು ದೊಡ್ಡ ಟೈರು ಹಾಕಿಸಿದ್ದು. ಲಾರಿ ಈಗ ಅಣ್ಣನ ಮೆಟ್ಟು ಮೆಟ್ಟಿಕೊಂಡ ಎಳೆಯನಂತೆ ಕಾಣುತ್ತಿತ್ತು. ನಡಿಗೆಯೂ ಹಾಗೇ ಇತ್ತು. ಮಳವಳ್ಳಿಯ ಏರಿನಲ್ಲಿ ಖಾಲಿ ಲಾರಿಯೇ ಏದುಸಿರು ಬಿಟ್ಟಿತು. ಅವನು ಮಂಡ್ಯಕ್ಕೆ ಬಂದು, ಲಾರಿಗಳ ಹಿಂದಿನ ಆಕ್ಸಲ್ ಬಿಚ್ಚುವುದರಲ್ಲಿ ಹೆಸರಾದ ಮೆಕ್ಯಾನಿಕ್ ಚಿಕ್ಕಬೋರಯ್ಯನ ಮುಂದೆ ನಿಂತ.

“ಮೆಟ್ಟು ದೊಡ್ಡದಾಕ್ದೆ, ಕಾಲು ಅಷ್ಟೇ ಅದೆ” ಎಂದ ಚಿಕ್ಕಬೋರಯ್ಯ. “ಇಂದ್ಗಡೆ ಆಕ್ಸಲ್‌ನಲ್ಲಿ ಪಿನಿಯನ್ ಅಂತ ಸಣ್ಣ ಗೇರು ನಾಕು ಸುತ್ತು ತಿರುಗಿದ್ರೆ ಕ್ರೌನು ಅನ್ನೋ ದೊಡ್ಡ ಗೇರು ಒಂದು ಸುತ್ತು, ಗಾಲಿನೂ ಒಂದು ಸುತ್ತು. ಟೈರು ದೊಡ್ಡದಾದ್ಮೇಲೆ ಆ ನಾಕು ಸಾಲ್ದು. ಐದು ಸುತ್ತಿಂದು ಆಕ್ಸು, ಮೊದ್ಲಿದ್ದಂಗೆ ಆಯ್ತದೆ.”

“ಇನ್ನೂ ಜಾಸ್ತಿಂದು ಆಕುದ್ರೆ?”

“ಏಳರದು ಬತ್ತದೆ. ಅದು ಮರಾನೇ ಕಿತ್ತಾಕ್ತದೆ. ಆದ್ರೆ ಮದ್ದೂರಿಂದ ಮಂಡ್ಯಕ್ಕೆ ಓಗಾಕೆ ಬುತ್ತಿ ಕಟ್ಕೋಬೇಕು.”

“ಐದೇ ಸಾಕು ಬುಡಪ್ಪ. ಲಾರಿಯೋನು ಅಂದ್ಮೇಲೆ ರಸ್ತೇಲಿ ನಾಕು ಜನದ ಮುಂದೆ ಓಡ್ಬೇಕಲ್ಲ.”

“ಐದಾಕುದ್ರೂ ಕೆಸರಲ್ಲಿ ಅದೇ ಕತೆ ಕಣ್ಲಾ. ನಿನ್ ಡಿಫರೆನ್ಸಲ್ ಐತಲ್ಲ, ಎರಡು ಗಾಲಿಗೂ ಬಲ ಅಂಚೋದು, ಅದು ಕೆಲ್ಸ ಇಲ್ದೆ ತಿರುಗೋ ಮಗನ ತಟ್ಟೇಗೇ ತುಪ್ಪ ಸುರಿಯೋ ತಾಯಿದ್ದಂಗೆ. ಜಾರ್ಕಂಡು ತಿರುಗೋ ಗಾಲಿಗೇ ಬಲಾನೆಲ್ಲ ಕೊಡ್ತದೆ. ನೆಲ ಇಡ್ಕಂಡು ನಿಂತಿರೋ ಗಾಲಿಗೆ ಒಂದ್ ತೊಟ್ಟೂ ಇಲ್ಲ.”

“ಅಂಗಾರೆ ಎರಡ್ನೂ ಸೇರ್ಸಿ ವೆಲ್ಡ್ ಒಡುದ್ಬುಡು.”

“ಒಡೀಬೋದು. ಕೆಸರಲ್ಲಿ ಎರಡೂ ಒಟ್ಗೆ ಎಳೀತವೆ. ಆಮೇಲೆ ರಸ್ತೆ ತಿರುವ್ನಲ್ಲಿ ಒಳಗಿನ ಗಾಲಿ ಕಮ್ಮಿ ಓಗ್ಬೇಕು, ಒರಗಿಂದು ಜಾಸ್ತಿ ಓಗ್ಬೇಕು. ಎರಡೂ ಒಂದೇ ಅಟಕ್ಕೆ ಬಿದ್ರೆ ಟೈರು ಸವೀತದೆ, ಇಲ್ಲ ಆಕ್ಸಲ್ ಮುರೀತದೆ. ಎರಡ್ನೂ ಸೇರ್ಸೋ, ಲಿವರ್ ಇರೋ ಲಾಕು ತರ್ಸು. ಕೆಸರಲ್ಲಿ ಆಕು, ರಸ್ತೆಗೆ ಬಂದ್ಮೇಲೆ ಬುಡು. ಅಟ ಅನ್ನೋದು ಅಷ್ಟರಲ್ಲೇ ಇರ್ಬೇಕು.”

ಅಲ್ಲಿಗೆ ತೀರ್ಮಾನವಾಯಿತು: ಐದರ ಕ್ರೌನು-ಪಿನಿಯನ್ನು, ಲಿವರ್ ಇರುವ ಲಾಕು. ಎರಡೂ ಸಿಗುವುದು ಬೆಂಗಳೂರಿನ ಗುಜರಿಯಲ್ಲಿ. ಅಲ್ಲಿ ಕಬ್ಬಿಣದ ಮೇಲೆ ಕೊರೆದ ಇಂಗ್ಲಿಷ್ ಅಕ್ಷರ ಓದಿ ಆರಿಸುವವರು ಬೇಕಿತ್ತು. ಮಳವಳ್ಳಿಯ ಶ್ಯಾಮಣ್ಣನವರು ಭಾವಮೈದುನನ ಷಷ್ಟ್ಯಬ್ದಿಗೆಂದು ಬೆಂಗಳೂರಿಗೆ ಹೊರಟಿದ್ದರು. ಆ ಕೆಲಸ ಅವರ ಪಾಲಿಗೆ ಬಂತು. ಅವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಕರಿಸಿದ್ದಯ್ಯ ಅವರ ಹಳೆಯ ಶಿಷ್ಯ. ಶಿಷ್ಯನೆಂದರೆ, ‘ಹಸು’ ಎನ್ನಲಾರದೆ ‘ಅಸು’ ಎಂದು ಬೆಂಚಿನ ಮೇಲೆ ನಿಂತವರಲ್ಲಿ ಒಬ್ಬ. ಆ ಸೀಮೆಯ ನಾಲಗೆಗೆ ಹಕಾರ ಹತ್ತದು. ಅಲ್ಲಿ ಹಾಲು ಆಲು, ಹೋಗು ಓಗು, ಹೇಳು ಏಳು. ಮೂವತ್ತು ವರ್ಷ ಶ್ಯಾಮಣ್ಣನವರು ಈ ಒಂದು ಅಕ್ಷರಕ್ಕಾಗಿ ಹೋರಾಡಿ, ಕೊನೆಗೆ ಮಕ್ಕಳು ನುಂಗಿದ ಹಕಾರವನ್ನೆಲ್ಲ ತಾವೇ ಮನಸ್ಸಿನಲ್ಲಿ ಸೇರಿಸಿಕೊಂಡು ಕೇಳುವುದನ್ನು ರೂಢಿಸಿಕೊಂಡಿದ್ದರು.

ಹೊರಡುವಾಗ ಅವರ ಹೆಂಡತಿ ಪಂಕಜಮ್ಮ ಚೀಲಕ್ಕೆ ಪಂಚೆ ತುರುಕುತ್ತ ಕೇಳಿದರು. “ಕ್ರೌನು ಅಂದ್ರೆ ಕಿರೀಟ ತಾನೆ? ಮೇಲುಕೋಟೆ ವೈರಮುಡಿ ಬಿಟ್ರೆ ಕಿರೀಟ ತರೋಕೆ ಇಷ್ಟು ಸಂಭ್ರಮಪಟ್ಟಿದ್ದು ನಾನು ನೋಡೇ ಇಲ್ಲಪ್ಪ.”

“ಇದು ಲಾರಿಯ ಕಿರೀಟ ಕಣೇ.”

“ತಲೆ ಮೇಲಿಡ್ತಾರೋ?”

“ಹಿಂದುಗಡೆ.”

ಪಂಕಜಮ್ಮ ಚೀಲದ ಬಾಯಿ ಕಟ್ಟಿದರು.

ಗುಜರಿಯಲ್ಲಿ ಶ್ಯಾಮಣ್ಣನವರಿಗೆ ಐದರದೂ ಸಿಕ್ಕಿತು, ಲಾಕೂ ಸಿಕ್ಕಿತು. ತೊಡಕೆಂದರೆ, ಆ ಲಾಕು ಐದರದಕ್ಕೆ ಕೂರುತ್ತಿರಲಿಲ್ಲ. ಪಕ್ಕದಲ್ಲೇ ಇದ್ದ ಏಳರದಕ್ಕೆ ಕೂರುತ್ತಿತ್ತು. ಐದು ಬೇಕೆಂದರೆ ಲಾಕಿಲ್ಲ, ಲಾಕು ಬೇಕೆಂದರೆ ಏಳು. ಪರರ ಲಾರಿಯ ವಿಷಯದಲ್ಲಿ ಸ್ವಂತ ಬುದ್ಧಿ ಓಡಿಸಬಾರದೆಂದು ಅವರು ಮಂಡ್ಯಕ್ಕೆ ಟ್ರಂಕ್ ಕಾಲ್ ಹಾಕಿದರು. ಚಿಕ್ಕಬೋರಯ್ಯನ ಷೆಡ್ಡಿಗೆ ಫೋನಿರಲಿಲ್ಲ. ಪಕ್ಕದ ರೈಸ್ ಮಿಲ್ಲಿಗಿತ್ತು. ಮಿಲ್ಲಿನವರು ಕೂಗಿ ಕರೆದಾಗ ಕರಿಸಿದ್ದಯ್ಯನೂ ಮೆಕ್ಯಾನಿಕ್ಕನೂ ಒಟ್ಟಿಗೇ ಓಡಿದರು. ಮಿಲ್ಲು ಓಡುತ್ತಿತ್ತು.

“ಸಿದ್ದಯ್ಯಾ, ಲಾಕು ಕೂರೋದು ಏಳರದಕ್ಕೆ ಮಾತ್ರವಂತೆ. ಐದು ತರಲೋ, ಏಳು ತರಲೋ?” ಎಂದರು ಶ್ಯಾಮಣ್ಣನವರು.

ಮಿಲ್ಲಿನ ಸದ್ದಿನಲ್ಲಿ ಕರಿಸಿದ್ದಯ್ಯನಿಗೆ ಕೇಳಿಸಿದ್ದು ‘ಲಾಕು’ ಮತ್ತು ‘ತರಲೋ’. ಲಾಕಿನ ಮಾತು ಮೆಕ್ಯಾನಿಕ್ಕಿನದು. ಅವನು ರಿಸೀವರನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಪಕ್ಕಕ್ಕೆ ತಿರುಗಿ, ಹಿಂಜರಿಯುತ್ತಿದ್ದ ಚಿಕ್ಕಬೋರಯ್ಯನಿಗೆ, “ಏಳು. ಏಳು ಕಣ್ಲಾ. ಏಳು” ಎಂದ. ಚಿಕ್ಕಬೋರಯ್ಯ ಕೈಯ ಗ್ರೀಸು ಒರೆಸಿಕೊಂಡು ರಿಸೀವರು ತೆಗೆದುಕೊಳ್ಳುವಷ್ಟರಲ್ಲಿ ಲೈನು ಕಡಿಯಿತು.

ಆ ತುದಿಯಲ್ಲಿ ಶ್ಯಾಮಣ್ಣನವರಿಗೆ ‘ಕಣ್ಲಾ’ ಎಂಬುದು ಸ್ವಲ್ಪ ನೋವು ಕೊಟ್ಟಿತು. ಗಾಬರಿಯಲ್ಲಿ ಮರ್ಯಾದೆ ತಪ್ಪಿರಬೇಕೆಂದು ಕ್ಷಮಿಸಿದರು. ಉತ್ತರದ ಬಗ್ಗೆ ಸಂಶಯವೇ ಉಳಿಯಲಿಲ್ಲ. ಮೂರು ಸಲ ಹೇಳಿದ್ದ.

ಗೋಣಿಯಲ್ಲಿ ಸುತ್ತಿ ಬಸ್ಸಿನ ಟಾಪಿನ ಮೇಲೆ ಬಂದ ಸರಂಜಾಮನ್ನು ಷೆಡ್ಡಿನಲ್ಲಿ ಬಿಚ್ಚಿದಾಗ ಶ್ಯಾಮಣ್ಣನವರೂ ಸ್ಟೂಲಿನ ಮೇಲೆ ಕೂತಿದ್ದರು. ಚಿಕ್ಕಬೋರಯ್ಯ ಹಲ್ಲುಗಳನ್ನು ಎಣಿಸಿದ. ಇನ್ನೊಮ್ಮೆ ಎಣಿಸಿದ.

“ಇದು ಏಳರದು.”

“ಏಳರದೇ” ಎಂದರು ಶ್ಯಾಮಣ್ಣನವರು.

“ಏಳ್ಯಾಕೆ ತಂದ್ರಿ ಮೇಷ್ಟ್ರೆ? ಐದು ಅಂದಿದ್ವಲ್ಲ” ಎಂದ ಕರಿಸಿದ್ದಯ್ಯ.

“ಫೋನಿನಲ್ಲಿ ನೀನೇ ಏಳು ಅಂದೆಯಲ್ಲಯ್ಯ. ಮೂರು ಸಲ. ಕಣ್ಲಾ ಅಂತ ಬೇರೆ ಅಂದೆ.”

“ನಿಮ್ಗೆ ಅಂದ್ನಾ? ಇವ್ನಿಗೆ ಅಂದೆ. ಲಾಕಿನ ಇಚಾರ ನೀನೇ ಏಳು ಅಂತ.”

ಶ್ಯಾಮಣ್ಣನವರು ಕನ್ನಡಕ ತೆಗೆದು ಒರೆಸಿದರು. “ಮೂವತ್ತು ವರ್ಷ ನೀವು ನುಂಗಿದ ಹಕಾರವನ್ನ ನಾನೇ ಸೇರಿಸಿಕೊಂಡು ಕೇಳಿದೆ. ಅವತ್ತೊಂದು ದಿನ ಅಂದದ್ದನ್ನ ಅಂದ ಹಾಗೇ ಕೇಳಿಬಿಟ್ಟೆ.”

ಬದಲಾಯಿಸಿ ತರೋಣವೆಂದರೆ ಕಟಾವಿನ ಪರ್ಮಿಟ್ಟು ಆಗಲೇ ಬಂದು, ಗದ್ದೆಗೆ ಕತ್ತಿ ಬಿದ್ದಿತ್ತು. ಮೇಷ್ಟ್ರ ಮುಖ ನೋಡಲಾರದೆ ಕರಿಸಿದ್ದಯ್ಯ, “ಓಗ್ಲಿ ಬುಡಿ ಮೇಷ್ಟ್ರೆ, ಲಾಕಾದ್ರೂ ಸಿಕ್ತಲ್ಲ” ಎಂದ. ಚಿಕ್ಕಬೋರಯ್ಯ ಏಳರದನ್ನೇ ಕೂರಿಸಿದ.

ಗದ್ದೆಯ ಬದುವಿನ ಮೇಲೆ ಊರಿನವರು ಆಗಲೇ ಜಾಗ ಹಿಡಿದಿದ್ದರು. ಕಬ್ಬು ತುಂಬಿದರು. ಚಿಕ್ಕನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹತ್ತಿರದಲ್ಲಿ ಮೇಯುತ್ತಿದ್ದ ಎಮ್ಮೆಗೆ, “ಈ ಸಲ ಕಬ್ಬಿನ ಜೊತೆ ನಾನೂ ಓಯ್ತೀನಿ ಅಂತ ಏಳವ್ವ. ಊತ್ಕಂಡ್ರೆ ಕಣ್ಣಾರೆ ನೋಡ್ತೀನಿ” ಎಂದು ಹೇಳಿ ಮುಂದಿನ ಸೀಟಿಗೆ ಹತ್ತಿ ಕೂತಳು.

ಹೋದ ವರ್ಷದ ಗುಂಡಿಯಲ್ಲೇ ಗಾಲಿ ಇಳಿಯಿತು. ಲಾರಿ ಒಂದು ಕಡೆಗೆ ವಾಲಿತು. ಕೆಸರು ಎರಚಿತು. ಬದುವಿನ ಮೇಲೆ ಯಾರೋ ಬೀಡಿ ಹಚ್ಚಿಕೊಂಡು ನೆಮ್ಮದಿಯಾಗಿ ಕೂತರು. ಕರಿಸಿದ್ದಯ್ಯ ಕ್ಲಚ್ಚು ತುಳಿದು, ಲಿವರು ಎಳೆದು, ಮೆಲ್ಲಗೆ ಬಿಟ್ಟ. ಒಳಗೆ ಟಕ್ಕೆಂದು ಏನೋ ಕೂತಿತು. ಆಚೆಯ ಗಾಲಿ ಮೊದಲ ಬಾರಿಗೆ ಕೆಲಸಕ್ಕೆ ಕೈ ಹಾಕಿತು. ಲಾರಿ ಅವಸರವೇನೂ ಪಡಲಿಲ್ಲ. ಮುದಿ ಎತ್ತು ಏಳುವಂತೆ ಮೊದಲು ಹಿಂಭಾಗ ಎತ್ತಿ, ಆಮೇಲೆ ತಾನೂ ಎದ್ದು, ಕಬ್ಬು ಸಮೇತ ರಸ್ತೆಗೆ ಬಂದು ನಿಂತಿತು. ಬದುವಿನ ಜನ ಸ್ವಲ್ಪ ಬೇಸರದಿಂದಲೇ ಎದ್ದು ಪಂಚೆ ಕೊಡವಿಕೊಂಡರು.

ಕರಿಸಿದ್ದಯ್ಯ ಅಕ್ಕನ ಕಡೆ ನೋಡಿದ. ಅವಳು ಎಮ್ಮೆಗಾಗಿ ಅತ್ತಿತ್ತ ನೋಡಿದಳು. ಎಮ್ಮೆ ಗದ್ದೆಯಲ್ಲೇ ಉಳಿದಿತ್ತು. ಅವನು ನೆನಪಿಟ್ಟು ಲಾಕು ಬಿಟ್ಟು, ಮೈಸೂರು ರಸ್ತೆಗೆ ತಿರುಗಿಸಿದ.

ಇನ್ನು ಏಳರ ಪ್ರತಾಪ ಶುರುವಾಯಿತು. ಎಂಜಿನ್ನು ಹುಲಿಯಂತೆ ಗುಡುಗುತ್ತಿತ್ತು, ಮರಗಳು ಮಾತ್ರ ಒಂದೊಂದಾಗಿ ಪುರಸೊತ್ತಿನಿಂದ ಹಿಂದೆ ಸರಿಯುತ್ತಿದ್ದವು. ಬೇರೆ ಲಾರಿಗಳು ಹಾರನ್ನು ಹೊಡೆದು ಮುಂದೆ ಹೋದವು. ಗೆಜ್ಜಲಗೆರೆಯ ಏರಿನಲ್ಲಿ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನೊಬ್ಬ ಅವರನ್ನು ದಾಟಿ, ತಿರುಗಿ ನೋಡಿ, ಮರ್ಯಾದಸ್ಥನಾದ್ದರಿಂದ ಏನೂ ಅನ್ನದೆ ಹೋದ. ಕರಿಸಿದ್ದಯ್ಯನ ಕಿವಿ ಬಿಸಿಯಾಯಿತು. ಒಮ್ಮೆ ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ದು ಬಂದ. ಚಿಕ್ಕನಂಜಮ್ಮ ಎಲೆ ಅಡಿಕೆ ಹಾಕಿಕೊಂಡು ಮುಗಿಸಿದಳು. ಇನ್ನೊಮ್ಮೆ ಹಾಕಿಕೊಂಡಳು. ಮಾತು ಅವಳ ಬಾಯಿಯ ತುದಿಗೆ ಬಂದು, ಹೇಳಿಸಿಕೊಳ್ಳಲು ದನವೊಂದಿಲ್ಲದೆ ಒಳಗೆ ಹೋಗುತ್ತಿತ್ತು.

ಗೆಜ್ಜಲಗೆರೆ ದಾಟಿದ ಮೇಲೆ ಮೈಸೂರಿನ ಪ್ಯಾಸೆಂಜರ್ ರೈಲು ಎದುರಾಗಿ ಬಂದು, ಬೋಗಿಯಿಡೀ ತಲೆ ಹೊರಗೆ ಹಾಕಿ ಇವರನ್ನು ನೋಡಿಕೊಂಡು ಹೋಯಿತು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ಯಾಕ್ಲಾ ಸಿದ್ದ, ಇದು ಇಂಗೆ ತೆವಳ್ತದೆ? ಏಳು.”

ಕರಿಸಿದ್ದಯ್ಯನ ಕಣ್ಣು ರಸ್ತೆಯ ಮೇಲಿತ್ತು. ತಲೆಯಲ್ಲಿ ಬೆಳಗಿನಿಂದ ಒಂದೇ ಅಂಕಿ. “ಊಂ ಕಣಕ್ಕ, ಏಳೇ.”

“ಏನು ಏಳೇ?”

“ಏಳಾಗಿದ್ಕೇ ತೆವಳ್ತದೆ. ಐದಾಗಿದ್ರೆ ಓಡೋದು.”

“ಬಾಯ್ಬುಟ್ಟು ಏಳ್ಲಾ ಅಂದ್ರೆ ಮಗ್ಗಿ ಒಪ್ಪುಸ್ತೀಯಲ್ಲಾ.”

ಆಗ ಅವನಿಗೆ ಹೊಳೆಯಿತು, ಅವಳು ಮಾತಾಡುತ್ತಿದ್ದುದು ತನ್ನ ಹತ್ತಿರ. ಅವನು ಲಾರಿಯನ್ನು ನಿಧಾನ ಮಾಡಲು ನೋಡಿದ. ಇನ್ನು ನಿಧಾನ ಮಾಡಲು ಅದರಲ್ಲಿ ಜಾಗವಿರಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಗುಜರಿ, ಲಾಕು, ಮಿಲ್ಲಿನ ಸದ್ದು, ಮೇಷ್ಟ್ರು ಕೇಳಿಸಿಕೊಂಡ ಏಳು, ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದ. ಚಿಕ್ಕನಂಜಮ್ಮ ನಕ್ಕು ನಕ್ಕು ಬಾಯಿಯ ಅಡಿಕೆ ಉಗುಳಬೇಕಾಯಿತು.

“ಪಾಪ ಕಣ್ಲಾ ಆ ಮೇಷ್ಟ್ರು. ಓಗೋವಾಗ ಒಂದ್ ಚೊಂಬು ಆಲು ಕೊಟ್ಟು ಓಗು. ಆಮೇಲೆ? ಆಮೇಲೇನಾಯ್ತು, ಏಳು.”

ಆಮೇಲೆ ಹೇಳಲು ಬೇಕಾದಷ್ಟಿತ್ತು, ಮಂಡ್ಯವೂ ಇನ್ನೂ ದೂರವಿತ್ತು. ಲಾಕಿಗೆ ಕೂರುವ ಐದರದೇ ಸಿಕ್ಕಿದ್ದರೆ ಅವರು ಆ ಹೊತ್ತಿಗಾಗಲೇ ಒಂದು ಮಾತೂ ಆಡದೆ ಕಾರ್ಖಾನೆಯ ಗೇಟು ಮುಟ್ಟಿರುತ್ತಿದ್ದರು.