ಒಂದೇ ಹಾಳೆಯ ಭಾರ

"ಯಾವನಪ್ಪ ನೀನು, ಕರೀದೆ ಬಂದು ನನ್ನ ಕಾಗದದೊಳಗೆ ಕೂತಿರೋನು?"

ಸುಧಾ ಕೇಳಿದ್ದು ಯಾರನ್ನೂ ಅಲ್ಲ. ಹುಣಸೂರು ಬಸ್‌ಸ್ಟ್ಯಾಂಡಿನ ಎದುರು ಅವಳ ಡಿಟಿಪಿ ಅಂಗಡಿ. ಅಲ್ಲಿ ಟೈಪಾದ ಲಗ್ನಪತ್ರಿಕೆ, ಭಜನೆ ಪುಸ್ತಕಗಳೆಲ್ಲ ಫ್ಲಾಪಿಯೊಳಗೆ ಕೂತು ಬಸ್ಸು ಹತ್ತಿ ಮೈಸೂರಿನ ಪ್ರೆಸ್ಸಿಗೆ ಹೋಗುತ್ತಿದ್ದವು. ಈ ದಿನ ಬೆಳಿಗ್ಗೆ ಫ್ಲಾಪಿ ವಾಪಸು ಬಂದಿತ್ತು, ಜೊತೆಗೊಂದು ಚೀಟಿ: "ವೈರಸ್ ಇದೆ. ಇನ್ನೊಮ್ಮೆ ಹೀಗಾದರೆ ನಿಮ್ಮ ಕೆಲಸವೇ ಬೇಡ." ನಾಲ್ಕು ಗಂಟೆ ಬಸ್ಸಿಗೆ ಶುದ್ಧವಾದ ಫ್ಲಾಪಿ ಹೋಗಬೇಕು, ಇಲ್ಲವಾದರೆ ಅಂಗಡಿ ಬಾಗಿಲು ಮುಚ್ಚಿದಂತೆಯೇ. ವೈರಸ್ ಹಿಡಿಯಬೇಕಾದ ಅವಳ ಹಳೇ ಪ್ರೋಗ್ರಾಮೋ, ಉಂಡು ಮಲಗಿದ ಕಾವಲುಗಾರನ ಹಾಗೆ "ಎಲ್ಲ ಕ್ಷೇಮ" ಅನ್ನುತ್ತಿತ್ತು.

ಬೆಂಚಿನ ಮೇಲಿದ್ದ ಚಿಕ್ಕಬಸಪ್ಪನವರು ವಿಭೂತಿಯ ಹಣೆ ಮುಂದಕ್ಕೆ ಚಾಚಿದರು. ಮೂವತ್ತು ವರ್ಷ ಹೊಗೆಸೊಪ್ಪಿನ ಬೇಲು, ಅಂದರೆ ಹೊಲಿದ ಮೂಟೆ, ಮುಟ್ಟಿ ದರ್ಜೆ ಹೇಳಿದ ವ್ಯಾಪಾರಿ.

"ಅದು ತೂಗ್ತದೇನವ್ವಾ?"

"ಯಾವುದು ಅಣ್ಣಾರೆ?"

"ಅದೇ, ಕಾಗ್ದ."

"ಕಂಪ್ಯೂಟ್ರಿಗೆ ತಕ್ಕಡಿ ತರ್ತೀರಾ?"

"ನಗ್ಬೇಡ ಕಣವ್ವ. ಬೇಲಿನ ಹೊಟ್ಟೆವೊಳಗೆ ಕಲ್ಲಿಟ್ಟು ಹೊಲ್ಕಂಡ್ ಬತ್ತಾರೆ. ಮೇಲೆ ನೋಡು, ಬಂಗಾರದಂಥ ಎಲೆ. ಅಷ್ಟೇ ಗಾತ್ರದ್ದು ಇನ್ನೊಂದ ಎತ್ತು, ಭುಜ ಯೋಳ್ಬುಡ್ತದೆ."

ಸುಧಾಳ ನಗು ಅರ್ಧಕ್ಕೇ ನಿಂತಿತು. ಫೈಲುಗಳಿಗೂ ತೂಕವಿತ್ತಲ್ಲ! ಸಾಲಾಗಿ ಹರಡಿ ನೋಡಿದಳು. ಹೋದ ತಿಂಗಳ ಗೃಹಪ್ರವೇಶ, ಒಂದು ಹಾಳೆ, ಇಪ್ಪತ್ತು ಕೆಬಿ. ಈ ವಾರದ ಗೃಹಪ್ರವೇಶ, ಅದೂ ಒಂದೇ ಹಾಳೆ, ಅರವತ್ತು.

"ನಾಕು ಸಾಲು ಜಾಸ್ತಿ ಬರ್ದಿದ್ದೀಯೇನೋ."

"ಕಡಿಮೇನೇ ಅಣ್ಣಾರೆ. ಇವರಿಗೆ ಬಂಧುಬಳಗ ಕಮ್ಮಿ."

"ಅಂಗಾರೆ ಬಿಚ್ಚು ಹೊಲಿಗೆಯ."

ವರ್ಡಿನಲ್ಲಿ ಮ್ಯಾಕ್ರೋಗಳ ಪಟ್ಟಿ ತೆರೆದಳು. ಮ್ಯಾಕ್ರೋ ಅಂದರೆ ಕಾಗದದ ಜೊತೆಗೇ ಅಡಗಿಸಿಟ್ಟ ಅಪ್ಪಣೆ. ಕಾಗದ ತೆರೆದೊಡನೆ ಯಂತ್ರ ತಲೆಬಾಗಿ ನಡೆಸಿಕೊಡುತ್ತದೆ. ಅವಳು ಅಂಥದ್ದೊಂದನ್ನೂ ಬರೆದವಳಲ್ಲ. ಆದರೂ ಅಲ್ಲೊಂದು ಹೆಸರು ಕಾಲು ಚಾಚಿ ಕೂತಿತ್ತು. ನುಡಿ ನುಡಿಗೂ ಪಲ್ಲವಿ ಬರುವ ಹಾಗೆ, ಭಾರದ ಕಾಗದಗಳಲ್ಲೆಲ್ಲ ಅದೇ ಹೆಸರು! ತೆರೆದ ಕಾಗದಕ್ಕೆಲ್ಲ ತನ್ನನ್ನು ತಾನೇ ನಕಲು ಮಾಡಿಕೊಂಡು ಹಬ್ಬಿತ್ತು.

"ಸಿಕ್ಕಿದ ಕಣ್ರೀ ಅಣ್ಣಾರೆ!"

ಚಿಕ್ಕಬಸಪ್ಪನವರು ಮೀಸೆ ಸವರಿಕೊಂಡರು. "ಸಿಕ್ಕಿದ್ರೆ ಸಾಲ್ದು. ಮೊದಲ್ನೇ ಭಾರದ ಬೇಲು ಯಾವನ ಗಾಡೀಲಿ ಬಂತು, ಅದ ನೋಡು. ಅವನಿಗೆ ಮಂಗಳಾರತಿ ಎತ್ತು. ಮುಲಾಜು ನೋಡ್ಬೇಡ!"

ತಾರೀಖಿನಂತೆ ಜೋಡಿಸಿದಳು. ಶನಿವಾರದವರೆಗೆ ಎಲ್ಲ ಹಗುರ. ಮೊದಲ ಭಾರ ಸೋಮವಾರದ 'ತೊಟ್ಟಿಲುಶಾಸ್ತ್ರ'. ಕೊಪ್ಪದಲ್ಲಿರುವ ಅಳಿಯ ತನ್ನ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಫ್ಲಾಪಿಗೆ ಹಾಕಿ ಮಾವನ ಕೈಲಿ ಕಳಿಸಿದ ಕರೆಯೋಲೆ. ಆ ಮಾವ ಇದೇ ಬೆಂಚಿನ ಮೇಲಿದ್ದರು.

ಸುಧಾ ಮೆಲ್ಲಗೆ ಓದಿ ಹೇಳಿದಳು. ಮೀಸೆ ಮೇಲಿನ ಕೈ ಕೆಳಗಿಳಿಯಿತು.

"ಶಿವನೇ! ನನ್ ಮೊಮ್ಮಗಳ ತೊಟ್ಲಲ್ಲೇ ಮಲಗಿದ್ನಾ ಕಳ್ಳ?"

ಅವಳು ಭಾರದ ಕಾಗದಗಳಿಂದೆಲ್ಲ ಅಪ್ಪಣೆ ಅಳಿಸಿದಳು. ಹೊಸ ಕಾಗದಗಳು ಹುಟ್ಟುವ ಮೂಲ ಅಚ್ಚಿನಲ್ಲೂ ಅದು ಬೇರು ಬಿಟ್ಟಿತ್ತು, ಅಲ್ಲಿಂದಲೂ ಕಿತ್ತಳು. ಮತ್ತೆ ತೂಗಿದರೆ ಎಲ್ಲ ಇಪ್ಪತ್ತರ ಆಸುಪಾಸು. ಗಂಟೆ ಮೂರೂವರೆ. ಪ್ರೆಸ್ಸಿಗೆ ಹೋಗುವ ಹೊಸ ಫ್ಲಾಪಿಯ ಸುತ್ತು ಬಿಚ್ಚುತ್ತಿದ್ದಳು.

ಆಗ ಚಿಕ್ಕಬಸಪ್ಪನವರು ಜೇಬಿನಿಂದ ಇನ್ನೊಂದು ಫ್ಲಾಪಿ ತೆಗೆದರು.

"ಸುಧವ್ವ, ಅಳಿಯ ಅವರ ದೊಡ್ಡಪ್ಪನ ಹೆಸ್ರು ಸೇರ್ಸಿ ಮತ್ತೆ ಕಳ್ಸವ್ನೆ. ಹೆಸ್ರು ಬುಟ್ಟೋದ್ರೆ ಆ ವಯ್ಯ ತೊಟ್ಲು ಹತ್ರಕ್ಕೂ ಬರಾಕಿಲ್ಲ. ಕಳ್ಳನ್ನ ಹಿಡ್ಕೊಟ್ಟಿವ್ನಿ ಅಂತಾನಾದ್ರೂ ಒಂದೇ ಒಂದ್ಸಲ ಹಾಕವ್ವ. ಹಾಕಿ, ತಗದ್ಬುಡು."

ಸುಧಾ ಕಂಪ್ಯೂಟರಿನ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಇಲ್ಲ ಅಣ್ಣಾರೆ. ಇದೂ ಅದೇ ಗಾಡೀಲಿ ಬಂದಿರೋ ಬೇಲು. ಹಾಕಲ್ಲ."