ಹೊತ್ತ ಮನೆ

"ಎತ್ರೋ ಮೇಲಕ್ಕೆ! ಹೆಣ ಹೊತ್ತಂಗೆ ಹೊರ್ತೀರಲ್ಲೋ, ಹಂದಿ ನನ್ಮಕ್ಳಾ!"

ನಮ್ಮ ಧಣಿ ದೋನ್ ಎವಾರಿಸ್ತೋ ಕುದುರೆಯ ಮೇಲೆ ಕೊಡೆ ಹಿಡಿದು ಕೂತಿದ್ದ. ನಾವು ಇಪ್ಪತ್ತು ಜನ ಅಡ್ಡೆಗಳ ಕೆಳಗೆ ಹೆಗಲು ಕೊಟ್ಟು ಮೆರ್ತೋನ ಮನೆಯನ್ನು ಒಮ್ಮೆಗೇ ಎತ್ತಿದೆವು. ನೆಲ, ಗೋಡೆ, ಗರಿಯ ಸೂರು, ಎಲ್ಲವೂ ಒಟ್ಟಿಗೆ ನೆಲ ಬಿಟ್ಟಿತು. ಒಳಗೆ ಮೆರ್ತೋನ ಅತ್ತೆ, ಪೊನ್ಯಾ ಮುದುಕಿ, ಮಡಿಲಲ್ಲಿ ಹುಂಜ ಇಟ್ಟುಕೊಂಡು ಕೂತೇ ಇದ್ದಳು.

"ಇಳಿಯಮ್ಮೋ ಮಾರಾಯ್ತಿ, ಸೊಂಟ ಬಿದ್ದೋಯ್ತದೆ," ಅಂದ ಒಬ್ಬ.

"ನನ್ ಮನೇಲಿ ನಾನ್ ಕೂತಿವ್ನಿ. ಬೇಕಾದ್ರೆ ನೀನೇ ಇಳಿಯೋ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಮನೆ ಅವಳದಲ್ಲ. ಅವಳ ಅಳಿಯನದೂ ಅಲ್ಲ. ಬಿದಿರು ಕಡಿದು ಕೆರೆಯಲ್ಲಿ ನೆನೆಹಾಕಿ, ಬೆತ್ತ ಸೀಳಿ, ಒಂದೊಂದು ಗಂಟನ್ನೂ ಬಿಗಿದವನು ನಾನು. ಮುದುಕಿಯ ಮಗಳು ಪಿನಾಂಗಳನ್ನು ಮದುವೆಗೆ ಕೇಳಿದ್ದೆ. ಹೆಣ್ಣು ಕೇಳಿದವನು ಹೆಣ್ಣಿನ ಮನೆಯಲ್ಲಿ ದುಡಿಯಬೇಕು. ಮೂರು ಮಳೆಗಾಲ ನೀರು ಹೊತ್ತೆ, ಸೌದೆ ಒಡೆದೆ, ಮುದುಕಿಯ ಬೈಗುಳ ತಿಂದೆ, ಕೊನೆಗೆ ಮನೆಯನ್ನೂ ಕಟ್ಟಿದೆ. ಅಷ್ಟರಲ್ಲಿ ಮೆರ್ತೋ ಸ್ಪೇನಿನವರ ಮೇಲಿನ ಯುದ್ಧ ಮುಗಿಸಿ ಊರಿಗೆ ಬಂದ. ಕೆನ್ನೆಯ ಮೇಲೊಂದು ಗಾಯ ಇತ್ತು. ಒಂದು ಕೊಡ ನೀರು ಹೊರಲಿಲ್ಲ. ಗಾಯ ತೋರಿಸಿದ, ಮದುವೆಯಾದ.

ಈಗ ಅವನು ಮುಂದಿನ ಮೂಲೆಗೆ ಹೆಗಲು ಕೊಟ್ಟು ಸಿಳ್ಳೆ ಹಾಕುತ್ತ ನಡೆಯುತ್ತಿದ್ದ. ನಾನು ಹಿಂದಿನ ಮೂಲೆಯಲ್ಲಿದ್ದೆ. ಅವನ ಬೆನ್ನನ್ನೇ ನೋಡುತ್ತ ಹೆಜ್ಜೆ ಹಾಕಿದೆ.

ಸ್ಪೇನಿನವರ ನಂತರ ನಮ್ಮ ದ್ವೀಪ ಹಿಡಿದ ಅಮೇರಿಕಾದವರು ಊರ ಸುತ್ತ ಬಿದಿರು ನೆಟ್ಟು ಬಿಳಿ ಬಟ್ಟೆ ಕಟ್ಟಿದ್ದರು. ಅದೇ ಗೆರೆ. ಕ್ರಿಸ್‌ಮಸ್ಸಿನೊಳಗೆ ಎಲ್ಲರೂ ಗೆರೆಯ ಒಳಗೆ ಬರಬೇಕು. ಆಮೇಲೆ ಹೊರಗೆ ಕಂಡವರಿಗೆ ಗುಂಡು, ಹೊರಗೆ ಉಳಿದ ಭತ್ತಕ್ಕೆ ಬೆಂಕಿ. ನಮ್ಮ ಹಿಂದೆ ಹೊಗೆ ಏಳುತ್ತಲೇ ಇತ್ತು. ಭತ್ತ ಸುಟ್ಟರೆ ಮೊದಲು ಅನ್ನದ ವಾಸನೆಯೇ ಬರುತ್ತದೆ. ಹಸಿದವನಿಗೆ ಬಾಯಲ್ಲಿ ನೀರೂರುತ್ತದೆ.

"ಧಣಿ ಕಣಜ ಮಾತ್ರ ಗೆರೆ ಒಳಗೇ ಐತೆ ನೋಡು," ಅಂದ ನನ್ನ ಪಕ್ಕದವ, ಮೆಲ್ಲಗೆ. "ಗೆರೆನೇ ಕಣಜ ನೋಡ್ಕೊಂಡು ಎಳ್ದವ್ರೆ."

"ಸ್ಪೇನಿನ ಬಾವುಟ ಇಳಿಸ್ದ, ನಮ್ದು ಏರಿಸ್ದ. ಈಗ ಇವ್ರ ನಕ್ಷತ್ರದ್ದು. ಅವ್ನ ಹೆಂಡ್ರಿಗೆ ಹೊಲಿಯೋದ್ರಲ್ಲೇ ಕೈ ಸವೆದೋಯ್ತು," ಅಂದ ಇನ್ನೊಬ್ಬ.

ಹಳ್ಳಕ್ಕೆ ಇಳಿದಾಗ ಮನೆ ನನ್ನ ಕಡೆಗೆ ವಾಲಿತು. ಕಿವಿಯ ಪಕ್ಕದ ತೊಲೆಯೊಳಗೆ ಸರ್ರ್ ಎಂದಿತು. ಅದೇ ಗಳಿಗೆಗೆ ಎಲ್ಲರೂ ಒಟ್ಟಿಗೆ ಕೆಮ್ಮಿದರು.

ನಾನು ಉಸಿರು ಹಿಡಿದೆ. ದಡ ಹತ್ತುವಾಗ ಸದ್ದು ಇನ್ನೊಂದು ಕಡೆಗೆ ಹರಿದುಹೋಯಿತು. ಟೊಳ್ಳು ಬಿದಿರಿನಲ್ಲಿ ಕಾಳು. ಹೊರಟಾಗಿನಿಂದ ಮನೆ ಯಾಕಿಷ್ಟು ಭಾರ ಎಂದು ಹೆಗಲು ಕೇಳುತ್ತಲೇ ಇತ್ತು. ಕತ್ತೆತ್ತಿ ನೋಡಿದೆ. ತೊಲೆಯ ಗೆಣ್ಣಿನ ಹತ್ತಿರ ಮರದ ಬಿರಡೆ, ಅದರ ಮೇಲೆ ಹೊಸ ಬೆತ್ತದ ಕಟ್ಟು. ನಾನು ಬಲಕ್ಕೆ ಸುತ್ತುತ್ತೇನೆ. ಇದು ಎಡಕ್ಕೆ ಸುತ್ತಿತ್ತು. ಮೆರ್ತೋ ಎಡಗೈಯವನು.

ಬಿತ್ತನೆ ಭತ್ತ. ಒಂದು ಮನೆಯ ಭತ್ತ ಇಷ್ಟು ಭಾರ ಬರುವುದಿಲ್ಲ, ಇಡೀ ಕೇರಿಯದು. ಹಾಗಾದರೆ ಅಡ್ಡೆ ಹೊತ್ತ ಎಲ್ಲರಿಗೂ ಗೊತ್ತು. ಅದಕ್ಕೇ ಹಳ್ಳದಲ್ಲಿ ಎಲ್ಲರೂ ಒಟ್ಟಿಗೆ ಕೆಮ್ಮಿದ್ದರು. ನನಗೆ ಮಾತ್ರ ಹೇಳಿರಲಿಲ್ಲ.

ಗೆರೆಯ ಹತ್ತಿರ ಸಿಪಾಯಿಗಳು ತಡೆದರು. ನಾವು ಹೊತ್ತುಕೊಂಡೇ ನಿಂತೆವು. ಅವರು ಬಯೊನೆಟ್ಟಿನಿಂದ ಗೋಡೆಗಳನ್ನು ಚುಚ್ಚಿದರು. ನಾನು ಹೆಣೆದ ತಟ್ಟಿ ಚರ್ ಎಂದು ಹರಿಯಿತು. ಚಾಪೆ, ಮಡಕೆ, ಮೇರಿ ತಾಯಿಯ ಪಟ ಎಲ್ಲವನ್ನೂ ಹೊರಗೆ ಎಸೆದರು. ಮುದುಕಿ ಜಾಗ ಬಿಟ್ಟು ಕದಲಲಿಲ್ಲ.

"ಚುಚ್ಚೋ, ನನ್ನೂ ಚುಚ್ಚೋ! ಬಂದ್ಬುಟ್ಟ, ಸಮುದ್ರ ದಾಟಿ ಮುದುಕೀರ ಚಾಪೆ ಮಗುಚೋಕೆ!"

ಸಿಪಾಯಿಗೆ ಮಾತು ತಿಳಿಯಲಿಲ್ಲ, ಹುಂಜ ತಿಳಿಯಿತು. ಹುಂಜವನ್ನು ಕಿತ್ತುಕೊಂಡು ಹೋದ. ಮುದುಕಿ ಅದರ ಹಿಂದೆಯೇ ಕೆಳಗೆ ಹಾರಿ, ಬೈಯುತ್ತ ಓಡಿದಳು.

ದೋನ್ ಎವಾರಿಸ್ತೋ ಅದನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ.

"ಏನ್ಲಾ ಅಂಬ್ರೋ, ಮ್ಯಾಕೆ ನೋಡ್ತಿದೀಯ? ಕಟ್ದೋನು ನೀನು, ಮಲ್ಗೋನು ಅವ್ನು. ಹೊರೋನು ಮತ್ತೆ ನೀನೇ. ಥೂ, ಗಂಡ್ಸೇನ್ಲಾ ನೀನು!"

ಸಿಪಾಯಿಗಳು ಯಾಕೆಂದು ಗೊತ್ತಿಲ್ಲದೆ ನಕ್ಕರು. ಮೆರ್ತೋ ಮಾತ್ರ ತಿರುಗಿ ನೋಡಲಿಲ್ಲ.

ಧಣಿಯ ಹಂದಿದೊಡ್ಡಿಯ ಮಗ್ಗುಲಲ್ಲಿ ಜಾಗ ಕೊಟ್ಟರು. ಮನೆ ಇಳಿಸಿದೆವು. ಮನೆ ಹೊತ್ತವರಿಗೆ ಊಟ ಹಾಕುವುದು ವಾಡಿಕೆ. ಪಿನಾಂಗ್ ಗಂಜಿ, ಸುಟ್ಟ ಒಣಮೀನು, ಶುಂಠಿ ಕಷಾಯ ಹಂಚಿದಳು. ಗಂಜಿಯಲ್ಲಿ ಅಗುಳು ಹುಡುಕಬೇಕಿತ್ತು. ನನ್ನ ಹತ್ತಿರ ಕೊನೆಗೆ ಬಂದಳು.

"ತಗಳಣ್ಣ."

ಆ 'ಅಣ್ಣ' ಯಾವಾಗಲೂ ಹಾಗೆಯೇ, ಮೀನಿನ ಮುಳ್ಳಿನ ಹಾಗೆ ಒಳಗೆಲ್ಲೋ ಕೂತುಬಿಡುತ್ತದೆ.

"ಮನೆ ಭಾರ ಆಗೈತೆ ಪಿನಾಂಗ್."

"ಅವ್ವ ಕೂತಿದ್ಳಲ್ಲ."

"ಅವ್ವ ಕೆಳಗೆ ಹಾರಿದ್ ಮ್ಯಾಲೂ ಭಾರವೇ ಇತ್ತು."

ಅವಳ ಕೈಯಲ್ಲಿನ ಸೌಟು ನಿಂತಿತು.

"ನಂಗ್ಯಾಕೆ ಹೇಳ್ಲಿಲ್ಲ?"

ಅವಳು ನನ್ನ ಮುಂದೆ ಕಷಾಯ ಇಟ್ಟಳು. "ನಾನು ಹೇಳಾನ ಅಂದೆ ಅಣ್ಣ. ಮೆರ್ತೋ ಬ್ಯಾಡ ಅಂದ."

"ಏನಂದ?"

"ಅಂಬ್ರೋಗೆ ಹೊಟ್ಟೆಕಿಚ್ಚು. ಒಂದಲ್ಲ ಒಂದಿನ ಬಾಯಿ ಬಿಡ್ತಾನೆ ಅಂದ."

ಆ ಕಡೆ ಮೆರ್ತೋ ಗಂಜಿ ಕುಡಿಯುತ್ತಿದ್ದ. ಅವನ ಹೆಗಲ ಚರ್ಮ ಕೂಡ ತರಚಿರಲಿಲ್ಲ. ನನ್ನದು ಸುಲಿದು ಅಂಗಿಗೆ ಅಂಟಿಕೊಂಡಿತ್ತು. ಗಂಜಿಯನ್ನು ನೆಲಕ್ಕೆ ಚೆಲ್ಲಿ ಎದ್ದೆ.

ಧಣಿಯ ಆಳು ನನ್ನನ್ನು ಕರೆಯಲು ಬಂದದ್ದು ಆಗಲೇ.

ದೊಡ್ಡಮನೆಯ ಮೆಟ್ಟಿಲ ಬುಡದಲ್ಲಿ ಒಂದು ಪೀಪಾಯಿ ನೀರು, ಪಕ್ಕದಲ್ಲಿ ನೀರು ಹರಿಸುವ ಸೀಳಿದ ಬಿದಿರಿನ ದೋಣಿ. ಸುತ್ತಲಿನ ಮಣ್ಣು ಒದ್ದೆಯಾಗಿತ್ತು. ಹಿಂದಿನ ದಿನ ಚರ್ಚಿನ ಗಂಟೆ ಬಾರಿಸುವವನನ್ನು ಅಲ್ಲೇ ಮಲಗಿಸಿ, ಬಾಯಿಗೆ ದೋಣಿ ಇಟ್ಟು, ಹೊಟ್ಟೆ ಊದುವ ತನಕ ನೀರು ಹುಯ್ದು, ಹೊಟ್ಟೆಯ ಮೇಲೆ ನಿಂತಿದ್ದರು. ಅವನಿಗೆ ಗೊತ್ತಿದ್ದದ್ದು ಗಂಟೆ ಬಾರಿಸುವುದೊಂದೇ.

ಜಗಲಿಯಲ್ಲಿ ಕ್ಯಾಪ್ಟನ್ ಹುರಿದ ಮೊಟ್ಟೆ ತಿನ್ನುತ್ತಿದ್ದ. ಬಿಸಿಲಿಗೆ ಮೂಗು ಸುಲಿದಿತ್ತು. ಮುರುಕು ಸ್ಪ್ಯಾನಿಷಿನಲ್ಲಿ ನನ್ನ ಕಡೆ ನೋಡಿ ತುಂಬ ಹೊತ್ತು ಮಾತಾಡಿದ. ಕೈ ಎದೆಯ ಮೇಲೆ ಇಟ್ಟುಕೊಂಡ. ಆಕಾಶ ತೋರಿಸಿದ.

"ಎಲ್ಲಾ ನಿಮ್ ಒಳ್ಳೇದಕ್ಕೇ ಅಂತವ್ರೆ," ಎಂದ ದೋನ್ ಎವಾರಿಸ್ತೋ. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. "ನೋಡ್ಲಾ. ನಿಮ್ ಗದ್ದೆಬೈಲ್ ಕೇರಿಯೋರು ಎಲ್ಲೋ ಭತ್ತ ಅವಿಸಿಟ್ಟವ್ರೆ. ಗುಡ್ಡದಲ್ಲಿ ಬಂದೂಕ ಹಿಡ್ದಿರೋರಿಗೆ ಅಂತ ಸಾಹೇಬ್ರು ತಿಳ್ಕೊಂಡವ್ರೆ. ನಂಗೊತ್ತು, ಅದು ಬಿತ್ತನೇದು. ಬಿತ್ತನೆ ಇದ್ರೆ ಮಳೆ ಬಿದ್ದಾಗ ಯಾವ್ ಸೂಳೆಮಗ ನನ್ ಬಾಗಿಲಿಗೆ ಸಾಲಕ್ಕೆ ಬತ್ತಾನೆ? ಎಲ್ಲೈತೆ ಅಂತ ನಿಂಗೊತ್ತು."

"ನಂಗೊತ್ತಿಲ್ಲ ಧಣಿ."

"ಗೆರೆ ತಾವ ನಿನ್ ಮುಖ ನೋಡ್ದೆ ಕಣ್ಲಾ. ಬಾಯಿ ಬಿಡಬ್ಯಾಡ. ಬರೀ ಬೆಟ್ಟು ಮಾಡಿ ತೋರ್ಸು. ಮೆರ್ತೋನ್ನ ಸಾಹೇಬ್ರು ನೋಡ್ಕತಾರೆ. ಆ ಮನೆ ನಿಂಗೆ. ಗೆರೆ ದಾಟೋ ಚೀಟಿ ಕೊಡಿಸ್ತೀನಿ. ನನ್ ಕೊಟ್ಟಿಗೆಯಿಂದ ಒಂದು ಕೋಣ. ಊರಲ್ಲಿ ರೋಗಕ್ಕೆ ಬಿದ್ದು ಒಂದಾದ್ರೂ ಉಳಿದೈತಾ?" ಧ್ವನಿ ತಗ್ಗಿಸಿದ. "ಆ ಹೆಂಗ್ಸೂ ಅಷ್ಟೆ. ಎಷ್ಟ್ ದಿನ ಅಂತ ಅತ್ತಾಳು?"

ಆಸೆಯಾಗಲಿಲ್ಲ ಎಂದರೆ ಸುಳ್ಳು. ನನ್ನ ತಟ್ಟಿಯ ಗೋಡೆ, ನನ್ನ ಕಿಟಕಿ, ಒಲೆಯ ಮುಂದೆ ಪಿನಾಂಗ್, ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಕಂಡೆ. ಮೆರ್ತೋನ ಕುತ್ತಿಗೆಯಲ್ಲಿ ಹಗ್ಗವನ್ನೂ ಕಂಡೆ, ಸಂತೋಷದಿಂದಲೇ.

ಆದರೆ ಹಗ್ಗದ ಆಚೆಗೂ ಕಣ್ಣು ಹೋಯಿತು. ಪಿನಾಂಗ್ ಕಪ್ಪು ಉಟ್ಟಿದ್ದಾಳೆ. ಮೇರಿ ತಾಯಿಯ ಪಟದ ಪಕ್ಕ ಅವನ ಹೆಸರಿನಲ್ಲಿ ಮೇಣದಬತ್ತಿ. ಕೇರಿಯವರು ಬಿತ್ತನೆಯ ಹೊತ್ತಿಗೆಲ್ಲ ಅವನ ಹೆಸರು ಹೇಳಿ ಕಣ್ಣೊರೆಸುತ್ತಾರೆ. ಮುದುಕಿ ಅವನ ಗಾಯದ ಕತೆಯನ್ನು ನನಗೇ ಹೇಳುತ್ತಾಳೆ, ನನ್ನದೇ ನೆಲದ ಮೇಲೆ ಕೂತು. ಬದುಕಿರುವ ಮೆರ್ತೋ ಗೊರಕೆ ಹೊಡೆಯುತ್ತಾನೆ, ಮುದುಕನಾಗುತ್ತಾನೆ, ಹಲ್ಲು ಉದುರುತ್ತದೆ. ಸತ್ತವನು ಹಾಗೇ ಉಳಿಯುತ್ತಾನೆ. ಸತ್ತವನ ಎದುರು ಎಷ್ಟು ಕೊಡ ನೀರು ಹೊತ್ತರೆ ಸಾಕಾಗುತ್ತದೆ?

ಮತ್ತೆ, ಬಾಯಿ ಬಿಡ್ತಾನೆ ಅಂದಿದ್ದ. ಆ ಬೋಳಿಮಗ ಎಲ್ಲದರಲ್ಲೂ ಗೆದ್ದಿದ್ದಾನೆ. ಈ ಮಾತಿನಲ್ಲೂ ಗೆಲ್ಲಬೇಕೇ?

ಕ್ಯಾಪ್ಟನ್ ತಟ್ಟೆ ಒರೆಸಿ, ಏನೋ ಕೇಳಿದ.

"ನೀರು ಕುಡೀತಾನಾ ಅಂತ ಕೇಳ್ತಾವ್ರೆ," ಎಂದ ದೋನ್ ಎವಾರಿಸ್ತೋ. ಕೆಳಗೆ ಇಬ್ಬರು ಸಿಪಾಯಿಗಳು ತೋಳು ಮಡಚಿಕೊಂಡು ಎದ್ದು ನಿಂತರು. "ಮನೆಯೋ, ನೀರೋ? ಬೇಗ ಹೇಳ್ಲಾ."

"ಮನೆ ಬ್ಯಾಡ ಧಣಿ."

"ಕೋಣ?"

"ಬ್ಯಾಡ."

"ಅವ್ಳೂ ಬ್ಯಾಡ್ವೇನ್ಲಾ, ದರಿದ್ರದೋನೇ?"

ಹೆಗಲಿನ ಗಾಯಕ್ಕೆ ಅಂಟಿದ್ದ ಅಂಗಿಯನ್ನು ಕಿತ್ತು ತೆಗೆದು, ಪೀಪಾಯಿಯ ಕಡೆಗೆ ಇಳಿಯುವ ಮೆಟ್ಟಿಲ ಮೇಲಿಟ್ಟೆ.

"ನೀವು ಕೊಡೋದಾದ್ರೆ ಬ್ಯಾಡ."